ತೋಟದ ನಾಯಿಗೆ ಚಿರತೆಯಿಂದ ರಕ್ಷಣೆ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ನಾಯಿ ಇಲ್ಲದ ರೈತನ ಮನೆ ಅಪರೂಪ. ಗದ್ದೆಗೆ ಬರುವ ಹಂದಿ, ತೋಟಕ್ಕೆ ಇಳಿಯುವ ಮಂಗ, ರಾತ್ರಿ ಅಂಗಳಕ್ಕೆ ಬರುವ ಅಪರಿಚಿತ, ಇವರೆಲ್ಲರ ಸುದ್ದಿಯನ್ನು ಮೊದಲು ಹೇಳುವುದು ನಾಯಿ. ಕಾಡಿನ ಅಂಚಿನ ಊರುಗಳಲ್ಲಿ ಇದೇ ನಾಯಿ ಚಿರತೆಯ ಬಾಯಿಗೂ ಮೊದಲು ಬೀಳುತ್ತದೆ. ಸಾಯಂಕಾಲ ಊಟ ಹಾಕಿ ಜಗಲಿಯ ಕಂಬಕ್ಕೆ ಕಟ್ಟಿದ ನಾಯಿ ಬೆಳಗಾಗುವುದರೊಳಗೆ ಇಲ್ಲವಾಗಿ, ಹರಿದ ಹಗ್ಗವಷ್ಟೇ ಉಳಿದಿರುವ ಸಂದರ್ಭ ಹಲವು ರೈತರಿಗೆ ಗೊತ್ತಿದ್ದದ್ದೇ. ಕಳೆದುಕೊಂಡ ನಾಯಿಯ ಬದಲು ಇನ್ನೊಂದು ಮರಿ ತಂದರೆ ಕೆಲಸ ಮುಗಿಯಿತೆಂದು ತಿಳಿಯುವುದುಂಟು. ಆದರೆ ಕಟ್ಟುವ ಕ್ರಮ ಬದಲಾಗದಿದ್ದರೆ ಆ ಮರಿಯ ಗತಿಯೂ ಅದೇ. ಮೇಲಾಗಿ, ಒಮ್ಮೆ ಅಂಗಳದಲ್ಲಿ ಸುಲಭದ ಊಟ ಸಿಕ್ಕಿದ ಚಿರತೆ ಪುನಃ ಆ ಅಂಗಳಕ್ಕೆ ಬರುತ್ತದೆ. ಆ ಅಂಗಳದಲ್ಲಿ ಕರುವಿರುತ್ತದೆ, ಮಕ್ಕಳೂ ಇರುತ್ತಾರೆ. ಆದ್ದರಿಂದ ನಾಯಿಯ ರಕ್ಷಣೆಯೆಂದರೆ ಮನೆಯ ರಕ್ಷಣೆಯೂ ಹೌದು.

ಈ ಲೇಖನದಲ್ಲಿ ಚಿರತೆಯ ಸ್ವಭಾವ, ನಾಯಿಗೂಡಿನ ರಚನೆ, ತೋಟ ಮತ್ತು ಬೆಟ್ಟದಲ್ಲಿ ನಾಯಿಯನ್ನು ನಡೆಸಿಕೊಳ್ಳುವ ರೀತಿ, ಗಾಯಗೊಂಡಾಗ ಮಾಡಬೇಕಾದ ಪ್ರಥಮ ಚಿಕಿತ್ಸೆ ಹಾಗೂ ಕಾಯಿದೆಯ ಮುಖ್ಯ ಸಂಗತಿಗಳನ್ನು ತಿಳಿಸಲಾಗಿದೆ.

ಬೇಟೆನಾಯಿ ತೋಟದ ನಾಯಿಯಾದದ್ದು

ಹಿಂದೆ ಈ ಭಾಗದಲ್ಲಿ ನಾಯಿಗಳನ್ನು ಷಿಕಾರಿಗಾಗಿಯೂ ಸಾಕುತ್ತಿದ್ದರು. ಬ್ರಿಟಿಷರ ಕಾಲದಲ್ಲಿ ಹುಲಿ, ಚಿರತೆ ಕೊಂದವರಿಗೆ ಸರಕಾರವೇ ಬಹುಮಾನ ಕೊಡುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಕಾಲ ಮುಗಿಯಿತು. ಕೋವಿಯಿಂದ ಹೊಡೆಯುವುದು ಮಾತ್ರ ಬೇಟೆಯೆಂದು ಹಲವರು ತಿಳಿದಿದ್ದಾರೆ. ಕಾಯಿದೆಯ ಪ್ರಕಾರ ಕಾಡುಪ್ರಾಣಿಯನ್ನು ಬೇಟೆಗಾಗಿ ಅಟ್ಟುವುದು, ಉರುಳು ಹಾಕುವುದು, ಬೋನಿಗೆ ಕೆಡಹುವುದು, ಆಮಿಷ ಒಡ್ಡುವುದು ಇವೆಲ್ಲವೂ ಬೇಟೆಯೇ. ನಾಯಿಗಳನ್ನು ಹಳುವಿಗೆ ನುಗ್ಗಿಸಿ ಹಂದಿ ಹಿಡಿಯುವುದೂ ಇದರಲ್ಲಿ ಬರುತ್ತದೆ.

ಆದ್ದರಿಂದ ಇಂದು ನಾಯಿಯ ಕೆಲಸ ಕಾವಲು ಮಾತ್ರ. ಆದರೆ ಬೇಟೆಯ ಕಾಲದ ಕೆಲವು ರೂಢಿಗಳು ಈಗಲೂ ಉಳಿದಿವೆ. ಬೊಗಳಿದ ಕಡೆಗೆ ನಾಯಿಯನ್ನು ‘ಛೂ’ ಬಿಡುವುದು, ಹಂದಿಯ ಹಿಂದೆ ಕಾಡಿನೊಳಗೆ ಓಡಲು ಬಿಡುವುದು, ಧೈರ್ಯಶಾಲಿ ನಾಯಿಯೆಂದು ಹೊಗಳಿ ಒಂಟಿಯಾಗಿ ತೋಟದಲ್ಲಿ ಬಿಡುವುದು ಇಂಥವು. ನಾಯಿಗಳು ಸಾಯುವುದು ಬಹುಮಟ್ಟಿಗೆ ಇಂಥ ರೂಢಿಗಳಿಂದಲೇ.

ಚಿರತೆ ಏಕೆ ಬರುತ್ತದೆ?

ಮೂರೂ ತಾಲೂಕುಗಳ ಭೂಮಿಯ ರಚನೆಯನ್ನು ಗಮನಿಸಿರಿ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿಯ ಘಟ್ಟ. ನಡುವಿನ ಪಟ್ಟಿ ಇಕ್ಕಟ್ಟಾದದ್ದು. ಭಟ್ಕಳದಲ್ಲಂತೂ ಗುಡ್ಡಗಳು ಕಡಲಿನ ಸಮೀಪಕ್ಕೇ ಬಂದಿವೆ. ಶರಾವತಿ, ಅಘನಾಶಿನಿ ಕಣಿವೆಗಳುದ್ದಕ್ಕೂ ಕಾಡು ಮತ್ತು ತೋಟ ಒಂದಕ್ಕೊಂದು ಹೆಣೆದುಕೊಂಡಿವೆ. ಹೊನ್ನಾವರದ ಮೇಲ್ಭಾಗದ ಕಾಡುಗಳಲ್ಲಿ ಕೆಲವು 2019ರಲ್ಲಿ ಶರಾವತಿ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿದವು. ಇಲ್ಲಿ ಮನೆಗಳು ಒತ್ತಟ್ಟಿಗೆ ಇಲ್ಲ. ಒಂದೊಂದು ಮನೆಯೂ ತನ್ನ ತೋಟದ ಬದಿಯಲ್ಲಿ ಬೇರೆಯಾಗಿ ನಿಂತಿದೆ. ಹಿಂದೆ ಸೊಪ್ಪಿನ ಬೆಟ್ಟ, ಅದರ ಹಿಂದೆ ಅರಣ್ಯ. ಚಿರತೆಗೆ ಕಾಡಿನಿಂದ ಜಗಲಿಗೆ ಬರಲು ಬಯಲನ್ನು ದಾಟಬೇಕಾದ ಪ್ರಮೇಯವೇ ಇಲ್ಲ.

ಬೆಳೆದ ಗಂಡು ಚಿರತೆ ಸುಮಾರು 50ರಿಂದ 70 ಕಿಲೋ, ಹೆಣ್ಣು 30ರಿಂದ 40 ಕಿಲೋ ತೂಗುತ್ತದೆ. ನಮ್ಮ ಊರನಾಯಿ 15-20 ಕಿಲೋ. ಚಿರತೆ ಅಟ್ಟಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿಯಲ್ಲ. ಪೊದೆ, ಅಗಳ, ದರೆ ಇವುಗಳ ಮರೆಯಲ್ಲಿ ಹತ್ತಿರಕ್ಕೆ ಬಂದು, ಒಂದೇ ನೆಗೆತಕ್ಕೆ ಕುತ್ತಿಗೆ ಹಿಡಿಯುತ್ತದೆ. ಹೆಚ್ಚಾಗಿ ಸಂಜೆಗತ್ತಲೆಯಿಂದ ಬೆಳಗಿನ ಜಾವದವರೆಗೆ ಇದರ ಸಂಚಾರ. ಜಿಂಕೆ, ಕಾಡುಕುರಿ, ಮಂಗ, ಮೊಲ ಇವು ಇದರ ಆಹಾರವಾದರೂ, ಸುಲಭವಾಗಿ ಸಿಗುವ ನಾಯಿಯನ್ನು ಬಿಡುವುದಿಲ್ಲ.

ನಾಯಿ ಚಿರತೆಗೆ ಎಷ್ಟು ಮುಖ್ಯ ಆಹಾರವೆಂಬುದು ಮಹಾರಾಷ್ಟ್ರದ ಅಕೋಲೆ ತಾಲೂಕಿನ ಅಧ್ಯಯನದಿಂದ ತಿಳಿದುಬಂದಿದೆ. ಅದು ಕಾಡಿಲ್ಲದ, ಕಬ್ಬು ಬೆಳೆಯುವ ಪ್ರದೇಶ. ಅಲ್ಲಿಯ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಅವು ತಿಂದ ಆಹಾರದ ತೂಕದಲ್ಲಿ ನೂರಕ್ಕೆ 87 ಭಾಗ ಸಾಕುಪ್ರಾಣಿಗಳದು. ನಾಯಿಯೊಂದರದೇ ನೂರಕ್ಕೆ 39 ಭಾಗ. ನಮ್ಮ ಕರಾವಳಿಯಲ್ಲಿ ಕಾಡಿದೆ, ಕಾಡುಪ್ರಾಣಿಯೂ ಇದೆ. ಆದ್ದರಿಂದ ಅದೇ ಲೆಕ್ಕವನ್ನು ಇಲ್ಲಿಗೆ ಹಚ್ಚಲಾಗದು. ಆದರೆ ನಾಯಿ ಇದ್ದಲ್ಲಿಗೆ ಚಿರತೆ ಬರುತ್ತದೆಂಬ ಮಾತು ಎಲ್ಲ ಕಡೆಗೂ ಸಲ್ಲುತ್ತದೆ.

ಯಾವ ಪ್ರಾಣಿಯ ಕೆಲಸ? ಗುರುತಿಸುವ ಬಗೆ

ನಾಯಿ ಕಾಣೆಯಾದಾಗ ಅಥವಾ ಗಾಯಗೊಂಡಾಗ ಮೊದಲು ಗುರುತು ನೋಡಿರಿ. ಪ್ರಾಣಿ ಯಾವುದೆಂದು ತಿಳಿಯದೆ ಮಾಡಿದ ಉಪಾಯ ಫಲಿಸುವುದಿಲ್ಲ.

1. ಚಿರತೆ: ಹೆಜ್ಜೆ ದುಂಡಗೆ, ಸುಮಾರು 7ರಿಂದ 9 ಸೆಂ.ಮೀ. ಅಗಲ. ಉಗುರಿನ ಗುರುತು ಮೂಡುವುದಿಲ್ಲ. ನಾಯಿಯ ಹೆಜ್ಜೆ ಉದ್ದನೆಯದು, ಉಗುರಿನ ಗುರುತು ಸ್ಪಷ್ಟವಾಗಿರುತ್ತದೆ. ಗಂಟಲಿನಲ್ಲಿ ಅಥವಾ ಕುತ್ತಿಗೆಯಲ್ಲಿ ಆಳವಾದ ಹಲ್ಲಿನ ತೂತು, ನೆಲದಲ್ಲಿ ಎಳೆದುಕೊಂಡು ಹೋದ ಗೀರು ಕಾಣುತ್ತದೆ.

2. ಸೀಳುನಾಯಿ: ಗುಂಪಾಗಿ ಬರುತ್ತವೆ, ಹೆಚ್ಚಾಗಿ ಹಗಲು ಹೊತ್ತಿನಲ್ಲಿ. ಹಿಂದಿನಿಂದ, ಹೊಟ್ಟೆಯ ಕಡೆಯಿಂದ ಹರಿಯುತ್ತವೆ. ಇವು ಮನೆಯಂಗಳಕ್ಕೆ ಬರುವುದು ಕಡಿಮೆ. ದಟ್ಟ ಕಾಡಿನೊಳಗೆ ಹೋದ ನಾಯಿಗೆ ಇವುಗಳ ಭಯ.

3. ಕಾಡುಹಂದಿ: ಕೋರೆಯಿಂದ ಸೀಳಿದ ಉದ್ದ ಗಾಯ, ಹೆಚ್ಚಾಗಿ ಹೊಟ್ಟೆ, ತೊಡೆ ಮತ್ತು ಎದೆಯ ಮೇಲೆ. ಹಂದಿ ನಾಯಿಯನ್ನು ತಿನ್ನುವುದಕ್ಕಾಗಿ ಕೊಲ್ಲುವುದಿಲ್ಲ. ಅಟ್ಟಿಸಿಕೊಂಡು ಹೋದ ನಾಯಿಗೆ ತಿರುಗಿ ಬೀಳುತ್ತದೆ.

4. ಮುಳ್ಳುಹಂದಿ: ಮುಖ, ಬಾಯಿ, ಎದೆಯಲ್ಲಿ ಮುಳ್ಳು ನಾಟಿರುತ್ತದೆ. ಒಳಗೆ ಮುರಿದು ಉಳಿದರೆ ಕೀವಾಗುತ್ತದೆ.

5. ಹೆಬ್ಬಾವು: ಹಳ್ಳ, ತೋಟದ ಕಾಲುವೆ, ಕಲ್ಲುಸಂದಿಗಳ ಬಳಿ ಮರಿಗಳನ್ನು ಮತ್ತು ಸಣ್ಣ ನಾಯಿಗಳನ್ನು ಹಿಡಿಯುತ್ತದೆ. ರಕ್ತದ ಗುರುತು ಇರುವುದಿಲ್ಲ.

ಕಟ್ಟಿಹಾಕುವುದೇ ದೊಡ್ಡ ಅಪಾಯ

ರಾತ್ರಿ ಸರಪಣಿಯಲ್ಲಿ ಕಟ್ಟಿದ ನಾಯಿಗೆ ಓಡುವ ದಾರಿಯೂ ಇಲ್ಲ, ಅಡಗುವ ಜಾಗವೂ ಇಲ್ಲ. ತೋಟದ ತುದಿಯಲ್ಲಿ, ಮಾಳದ ಕೆಳಗೆ, ಗೊಬ್ಬರಗುಂಡಿಯ ಬದಿಯಲ್ಲಿ ಕಟ್ಟಿದ ನಾಯಿ ಚಿರತೆಗೆ ಇಟ್ಟ ಎಡೆಯಂತೆಯೇ. ಬಿಟ್ಟ ನಾಯಿಗೂ ಅಪಾಯ ತಪ್ಪಿದ್ದಲ್ಲ. ಅದು ವಾಸನೆ ಹಿಡಿದು ಪೊದೆಯವರೆಗೆ ಹೋಗಿ ಬೊಗಳುತ್ತದೆ. ಚಿರತೆ ಕಾಯುತ್ತಿರುವುದು ಅಲ್ಲೇ. ಆದ್ದರಿಂದ ಕತ್ತಲಾದ ಮೇಲೆ ನಾಯಿಯನ್ನು ಕಟ್ಟಲೂ ಬಾರದು, ಬಿಡಲೂ ಬಾರದು, ಭದ್ರವಾದ ಗೂಡಿನಲ್ಲಿ ಇಡಬೇಕು.

‘ಗೂಡಿನಲ್ಲಿಟ್ಟರೆ ಅದು ಕಾಯುವುದೆಂತು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ನಾಯಿಯ ಕಾವಲು ಇರುವುದು ಅದರ ಹಲ್ಲಿನಲ್ಲಿ ಅಲ್ಲ, ಮೂಗು, ಕಿವಿ ಮತ್ತು ಕೊರಳಿನಲ್ಲಿ. ಹಂದಿಯ ವಾಸನೆ ಗೂಡಿನೊಳಗೂ ಬರುತ್ತದೆ. ನಾಯಿ ಬೊಗಳಿದರೆ ಮನೆಯವರಿಗೆ ಕೇಳುತ್ತದೆ, ಹಂದಿಗೂ ಕೇಳುತ್ತದೆ. ಮುಂದಿನ ಕೆಲಸ ಮನುಷ್ಯನದು: ದೀಪ ಹಾಕುವುದು, ತಗಡು ಬಡಿಯುವುದು, ಕೂಗುವುದು. ಜೀವಂತ ಉಳಿದ ನಾಯಿ ಹತ್ತು ವರ್ಷ ಬೊಗಳುತ್ತದೆ.

ನಾಯಿಗೂಡು ಕಟ್ಟುವ ಕ್ರಮ

ಸ್ಥಳ: ಮನೆಯ ಗೋಡೆಗೆ ಅಥವಾ ಕೊಟ್ಟಿಗೆಯ ಗೋಡೆಗೆ ಹೊಂದಿಕೊಂಡಿರಲಿ. ಮಲಗುವ ಕೋಣೆಗೆ ನಾಯಿಯ ಧ್ವನಿ ಕೇಳುವಂತಿರಬೇಕು. ಗೂಡಿನ ಬಾಗಿಲು ತೋಟದ ಕಡೆಗೆ ಮುಖಮಾಡಿದ್ದರೆ ಗಾಳಿಯಲ್ಲಿ ವಾಸನೆ ಸಿಗುತ್ತದೆ. ಸುತ್ತಲೂ ಹತ್ತು-ಹದಿನೈದು ಹೆಜ್ಜೆಯಷ್ಟು ಜಾಗದಲ್ಲಿ ಪೊದೆ, ಸೌದೆ ರಾಶಿ, ದರಕಿನ ಗುಪ್ಪೆ ಇಡಬಾರದು. ಮರದ ಟೊಂಗೆ ಗೂಡಿನ ಮೇಲೆ ಚಾಚಿದ್ದರೆ ಕಡಿಯಿರಿ.

ಅಳತೆ: ಒಂದು ಊರನಾಯಿಗೆ ಒಳಗೆ 5 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರ ಸಾಕು. ಎರಡು ನಾಯಿಗಳಿದ್ದರೆ 6 ಅಡಿಗೆ 5 ಅಡಿ ಮಾಡಿರಿ.

ನೆಲ: ಈ ತಾಲೂಕುಗಳಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ. ಆದ್ದರಿಂದ ನೆಲವನ್ನು ಅಂಗಳಕ್ಕಿಂತ ಒಂದು ಅಡಿ ಎತ್ತರಿಸಿ, ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಡಿರಿ. ಅಡಿಪಾಯ ನೆಲದೊಳಗೆ ಒಂದು ಅಡಿ ಇರಲಿ. ಒಳಗೆ ಒಂದು ಮೂಲೆಯಲ್ಲಿ ಮಲಗಲು ಮರದ ಹಲಗೆ ಹಾಕಿದರೆ ಮಳೆಗಾಲದ ಶೀತ ತಟ್ಟುವುದಿಲ್ಲ.

ಗೋಡೆ: ಮೂರು ಬದಿಗೆ ಚಿರೇಕಲ್ಲಿನ ಗೋಡೆ ಉತ್ತಮ. ನಮ್ಮಲ್ಲಿ ಸುಲಭವಾಗಿ ಸಿಗುವ ವಸ್ತು ಅದು. ಮುಂಬದಿಗೆ ಮಾತ್ರ ಕಬ್ಬಿಣದ ಚೌಕಟ್ಟಿನಲ್ಲಿ ಬೆಸುಗೆ ಹಾಕಿದ ಜಾಲರಿ ಬೇಕು. ಅಂಗಡಿಯಲ್ಲಿ ಇದನ್ನು ವೆಲ್ಡ್‌ಮೆಶ್ ಎನ್ನುತ್ತಾರೆ. ಕಣ್ಣಿನ ಅಳತೆ ಒಂದು ಅಂಗುಲ ಮೀರದಿರಲಿ. ದೊಡ್ಡ ಕಣ್ಣಿನ ಜಾಲರಿಯಲ್ಲಿ ಚಿರತೆ ಪಂಜ ತೂರಿಸಿ ನಾಯಿಯನ್ನು ಎಳೆಯಬಲ್ಲದು. ಕೋಳಿಗೂಡಿಗೆ ಬಳಸುವ ತೆಳು ತಂತಿಬಲೆ ಇದಕ್ಕೆ ಪ್ರಯೋಜನವಿಲ್ಲ. ಒಂದೇ ಹೊಡೆತಕ್ಕೆ ಹರಿಯುತ್ತದೆ. ಕಬ್ಬಿಣದ ಖರ್ಚು ತಡೆಯದಿದ್ದರೆ ಅಡಿಕೆ ದಬ್ಬೆಯ ಗೂಡು ಮಾಡುವುದುಂಟು. ಅಡಿಕೆ ದಬ್ಬೆ ಎರಡು ಮಳೆಗಾಲಕ್ಕೆ ಲಡ್ಡಾಗುತ್ತದೆ. ಅಂಥ ಗೂಡನ್ನು ಕೊಟ್ಟಿಗೆಯ ಒಳಗೆ ಇಟ್ಟರೆ ಮಾತ್ರ ನಂಬಬಹುದು.

ಚಾವಣಿ: ಹಲವರು ತಪ್ಪುವುದು ಇಲ್ಲಿಯೇ. ಗೋಡೆ ಭದ್ರವಾಗಿದ್ದು ಮೇಲೆ ಹೆಂಚು ಮಾತ್ರ ಇದ್ದರೆ ಚಿರತೆ ಹೆಂಚು ಸರಿಸಿ ಇಳಿಯುತ್ತದೆ. ಹೆಂಚು ಅಥವಾ ತಗಡಿನ ಕೆಳಗೆ ಮುಂಬದಿಗೆ ಹಾಕಿದಂಥದೇ ಜಾಲರಿಯನ್ನು ಗೋಡೆಗೆ ಬಿಗಿಯಾಗಿ ಕೂಡಿಸಿರಿ. ಮೇಲ್ಭಾಗ ತೆರೆದ, ಎತ್ತರದ ಆವರಣ ಏನೇನೂ ಸಾಲದು. ಚಿರತೆ ಮರ ಹತ್ತುವ ಪ್ರಾಣಿಯೆಂಬುದನ್ನು ಮರೆಯಬಾರದು.

ಬಾಗಿಲು: ಎರಡು ಅಡಿ ಅಗಲ, ಮೂರು ಅಡಿ ಎತ್ತರ ಸಾಕು. ಬಾಗಿಲು ಹೊರಕ್ಕೆ ತೆರೆಯುವಂತಿರಲಿ. ಆಗ ಹೊರಗಿನಿಂದ ನೂಕಿದಷ್ಟೂ ಅದು ಚೌಕಟ್ಟಿಗೇ ಒತ್ತಿಕೊಳ್ಳುತ್ತದೆ. ಮೇಲೊಂದು, ಕೆಳಗೊಂದು ಅಗುಳಿ ಹಾಕಿರಿ. ಒಂದೇ ಅಗುಳಿ ಇದ್ದರೆ ಚಿರತೆ ಕೆಳಗಿನ ಮೂಲೆಯಲ್ಲಿ ಉಗುರು ಹಾಕಿ ಎಳೆದು ಸಂದಿ ಮಾಡುತ್ತದೆ.

ಬೆಳಕು: ಗೂಡಿನ ಮುಂದೆ ಒಂದು ದೀಪ ಇರಲಿ. ಆದರೆ ದೀಪವೊಂದನ್ನೇ ನಂಬಿ ನಾಯಿಯನ್ನು ಹೊರಗೆ ಬಿಡಬಾರದು. ಚಿರತೆ ಬೆಳಕಿಗೆ ಬೇಗನೆ ಒಗ್ಗಿಕೊಳ್ಳುತ್ತದೆ. ದೀಪದ ನಿಜವಾದ ಉಪಯೋಗ, ಹೊರಗೆ ಏನಿದೆಯೆಂದು ಮನೆಯವರಿಗೆ ಕಾಣುವುದು.

ಮೂರು ನಾಲ್ಕು ತಿಂಗಳ ಮರಿಯಿಂದಲೇ ಗೂಡಿನೊಳಗೆ ಊಟ ಹಾಕುವ ರೂಢಿ ಮಾಡಿದರೆ ನಾಯಿ ಸಂಜೆಗೆ ತಾನಾಗಿ ಒಳಗೆ ಹೋಗುತ್ತದೆ. ದೊಡ್ಡ ನಾಯಿಯನ್ನು ಒಮ್ಮೆಲೆ ದೂಡಿ ಮುಚ್ಚಿದರೆ ರಾತ್ರಿಯಿಡೀ ಕೂಗುತ್ತದೆ. ಮೊದಲ ಒಂದು ವಾರ ಬಾಗಿಲು ತೆರೆದಿಟ್ಟು ಹಗಲಿನಲ್ಲಿ ಅಲ್ಲೇ ಊಟ ಹಾಕಿ ಒಗ್ಗಿಸಿರಿ.

ತೋಟ, ಗದ್ದೆ ಮತ್ತು ಬೆಟ್ಟದಲ್ಲಿ

1. ಸೊಪ್ಪಿಗೆ, ದರಕಿಗೆ ಬೆಟ್ಟಕ್ಕೆ ಹೋಗುವಾಗ ನಾಯಿ ನಿಮ್ಮ ಕಣ್ಣಳತೆಯಲ್ಲಿ ಇರಲಿ. ಒಂದೇ ಕರೆಗೆ ತಿರುಗಿ ಬರುವುದನ್ನು ಮರಿಯಿದ್ದಾಗಲೇ ಕಲಿಸಿರಿ. ಕರೆದಾಗ ಬಂದ ಮರಿಗೆ ಪ್ರತಿಸಲವೂ ಒಂದು ತುತ್ತು ಕೊಟ್ಟರೆ ಸಾಕು. ತಡವಾಗಿ ಬಂದ ನಾಯಿಗೆ ಹೊಡೆದರೆ ಮುಂದಿನ ಸಲ ಅದು ಬರುವುದೇ ಇಲ್ಲ.

2. ನಾಯಿ ಕೂದಲು ನಿಮಿರಿಸಿ, ಬಾಲ ಒಳಗೆ ಮಾಡಿ, ನಿಮ್ಮ ಕಾಲ ಬಳಿಗೆ ಬಂದರೆ ಹತ್ತಿರದಲ್ಲಿ ಚಿರತೆ ಇರಬಹುದು. ‘ಛೂ’ ಎಂದು ಹುರಿದುಂಬಿಸಬೇಡಿರಿ. ಹಗ್ಗ ಹಾಕಿಕೊಂಡು, ಗಟ್ಟಿಯಾಗಿ ಮಾತಾಡುತ್ತ ಹಿಂದಿರುಗಿರಿ.

3. ಸೂರ್ಯ ಮುಳುಗುವ ಮೊದಲೇ ನಾಯಿಯೊಡನೆ ಮನೆ ಸೇರಿರಿ. ಕತ್ತಲಲ್ಲಿ ಹೋಗಲೇಬೇಕಾದರೆ ನಾಯಿಗೆ ಗಿಡ್ಡ ಹಗ್ಗ, ಕೈಯಲ್ಲಿ ದೀಪ, ಜೊತೆಗೆ ಇನ್ನೊಬ್ಬರು ಇರಲಿ.

4. ಭತ್ತ ಹಾಲುಗಟ್ಟುವ ಕಾಲಕ್ಕೆ ಗದ್ದೆ ಕಾಯಲು ಮಾಳದಲ್ಲಿ ಮಲಗುವವರು ನಾಯಿಯನ್ನು ಮಾಳದ ಕಂಬಕ್ಕೆ ಕಟ್ಟಬಾರದು. ಹಗುರವಾದ ಕಬ್ಬಿಣದ ಪಂಜರವನ್ನು ಮಾಳದ ಬದಿಯಲ್ಲಿ ಇಡಿರಿ. ಇಲ್ಲವೇ ನಾಯಿಯನ್ನು ಮಾಳದ ಮೇಲೆಯೇ ಮಲಗಿಸಿರಿ.

5. ಬೆದೆಗೆ ಬಂದ, ಗಬ್ಬದ, ಮರಿ ಹಾಕಿದ ಹೆಣ್ಣುನಾಯಿ, ಮುದಿನಾಯಿ, ಕುಂಟುವ ನಾಯಿ ಇವುಗಳನ್ನು ಬೆಟ್ಟಕ್ಕೆ ಒಯ್ಯಬಾರದು.

6. ಹಂದಿಗಾಗಿ ಉರುಳು, ಸಿಡಿಮದ್ದು, ವಿಷ ಇಡುವುದು ಅಪರಾಧ. ಅದು ಮೊದಲು ಕೊಲ್ಲುವುದು ಹೆಚ್ಚಾಗಿ ನೆರೆಮನೆಯ ನಾಯಿಯನ್ನೇ, ಕೆಲವೊಮ್ಮೆ ದನವನ್ನು. ಉರುಳಿನಲ್ಲಿ ಸಿಕ್ಕ ಚಿರತೆ ಮನುಷ್ಯನಿಗೂ ಅತಿ ಅಪಾಯಕಾರಿ. ಕಂಬದಿಂದ ನೇರ ವಿದ್ಯುತ್ ಎಳೆದು ಬೇಲಿಗೆ ಕೊಡುವುದು ಮನುಷ್ಯರ ಪ್ರಾಣಕ್ಕೇ ಎರವಾಗುತ್ತದೆ. ಬೇಲಿ ಬೇಕಾದರೆ ಸೌರ ವಿದ್ಯುತ್ ಬೇಲಿಯನ್ನೇ, ಅದಕ್ಕೆಂದು ಮಾಡಿದ ಯಂತ್ರದೊಡನೆ ಹಾಕಿಸಿರಿ. ಅದು ಬಿಟ್ಟು ಬಿಟ್ಟು ಕೊಡುವ ಪೆಟ್ಟು ಹೆದರಿಸುತ್ತದೆ, ಕೊಲ್ಲುವುದಿಲ್ಲ.

ಮೊಳೆಪಟ್ಟಿ ಉಪಯುಕ್ತವೇ?

ಹಿಮಾಲಯದ ಕುರಿಗಾರರು ತಮ್ಮ ಗದ್ದಿ ಮತ್ತು ಭೋಟಿಯಾ ನಾಯಿಗಳ ಕೊರಳಿಗೆ ಮೊಳೆಗಳಿರುವ ಕಬ್ಬಿಣದ ಪಟ್ಟಿ ಹಾಕುತ್ತಾರೆ. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ಈ ಪಟ್ಟಿಯಿಂದ ನಾಯಿ ಬದುಕಿಕೊಳ್ಳುವ ಅವಕಾಶವಿದೆ. ಸ್ವೀಡನ್ ದೇಶದಲ್ಲಿ ತೋಳಗಳು ಬೇಟೆನಾಯಿಗಳನ್ನು ಕೊಲ್ಲುವುದರಿಂದ ಅಲ್ಲಿಯವರು ನಾಯಿಗೆ ಮೈಗವಚವನ್ನೇ ತೊಡಿಸತೊಡಗಿದ್ದಾರೆ.

ನಮ್ಮಲ್ಲಿ ಇದನ್ನು ಹಗಲಿನಲ್ಲಿ ಬೆಟ್ಟಕ್ಕೆ ಹೋಗುವ ನಾಯಿಗೆ ಬಳಸಬಹುದು. ಮೂರು ಅಂಗುಲ ಅಗಲದ ದಪ್ಪ ಚರ್ಮದ ಎರಡು ಪದರದ ನಡುವೆ ಮೊಳೆಯ ತಲೆ ಬರುವಂತೆ ಹೊಲಿಸಿರಿ. ಮೊಳೆಯ ತಲೆ ನಾಯಿಯ ಚರ್ಮಕ್ಕೆ ತಗಲಬಾರದು. ಪಟ್ಟಿ ಮತ್ತು ಕೊರಳಿನ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಲಿ. ಕೊರಳಲ್ಲಿ ಹುಣ್ಣಾಗಿದೆಯೇ ಎಂದು ಮಳೆಗಾಲದಲ್ಲಿ ದಿನಾಲೂ ನೋಡಿರಿ. ಮಕ್ಕಳಿರುವ ಅಂಗಳಕ್ಕೆ ಬಂದ ಕೂಡಲೇ ಬಿಚ್ಚಿರಿ. ಪಟ್ಟಿ ಕಟ್ಟಿದೆಯೆಂದು ನಾಯಿಯನ್ನು ರಾತ್ರಿ ಹೊರಗೆ ಬಿಡುವುದು ಸಲ್ಲದು. ಪಟ್ಟಿ ಕುತ್ತಿಗೆಯನ್ನು ಕಾಯುತ್ತದೆ, ಬೆನ್ನು ಹೊಟ್ಟೆಗಳನ್ನಲ್ಲ.

ದೊಡ್ಡ ಜಾತಿಯ ನಾಯಿ ತಂದರೆ ಚಿರತೆ ಹೆದರುತ್ತದೆಂಬ ನಂಬಿಕೆಯೂ ಇದೆ. ಒಂಟಿ ನಾಯಿ, ಎಷ್ಟೇ ದೊಡ್ಡದಿರಲಿ, ಮರೆಯಿಂದ ನೆಗೆದ ಚಿರತೆಗೆ ಸಮನಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ನಮ್ಮ ರಾಜ್ಯದ ಹೆಮ್ಮೆಯ ತಳಿ. 2005ರಲ್ಲಿ ಅದರ ಚಿತ್ರವಿರುವ ಅಂಚೆಚೀಟಿಯೂ ಬಂದಿತು. ಆದರೆ ಅದು ಬಯಲುಸೀಮೆಯಲ್ಲಿ ಕಣ್ಣಿಗೆ ಕಂಡ ಮೊಲವನ್ನು ಓಡಿ ಹಿಡಿಯಲು ಬೆಳೆದುಬಂದದ್ದು. ನಮ್ಮ ತೋಟದ ಕಾವಲಿಗೆ ಇಲ್ಲಿಯ ಮಳೆಗೆ ಒಗ್ಗಿದ, ಚುರುಕು ಕಿವಿಯ ಊರನಾಯಿಯೇ ಲೇಸು.

ಮನೆಯ ಸುತ್ತ ಸ್ವಚ್ಛತೆ

ಕೋಳಿಯ ಪುಕ್ಕ-ಕರುಳು, ಮೀನಿನ ತ್ಯಾಜ್ಯ, ಸತ್ತ ಕರು ಇವುಗಳನ್ನು ರಸ್ತೆಬದಿಗೆ ಅಥವಾ ಹಳ್ಳಕ್ಕೆ ಎಸೆದರೆ ಬೀದಿನಾಯಿಗಳು ಸೇರುತ್ತವೆ. ಬೀದಿನಾಯಿ ಹೆಚ್ಚಿದಲ್ಲಿ ಚಿರತೆ ಬರುತ್ತದೆ. ತ್ಯಾಜ್ಯವನ್ನು ಆಳವಾಗಿ ಹೂಳಿರಿ. ಬೀದಿನಾಯಿಗಳ ಸಂತಾನಹರಣ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಗಳ ಹೊಣೆಯೆಂದು 2023ರ ನಿಯಮಗಳು ಹೇಳುತ್ತವೆ. ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿರಿ. ನಿಮ್ಮ ನಾಯಿಯ ಬೇಡದ ಮರಿಗಳನ್ನು ಪೇಟೆಯ ಬದಿಗೆ, ಘಟ್ಟದ ರಸ್ತೆಗೆ ಬಿಟ್ಟು ಬರುವ ರೂಢಿಯನ್ನು ನಿಲ್ಲಿಸಿರಿ.

ಗಾಯಗೊಂಡ ನಾಯಿಗೆ ಪ್ರಥಮ ಚಿಕಿತ್ಸೆ

ಚಿರತೆಯ ಹಲ್ಲಿನ ಗಾಯ ಹೊರಗೆ ಸಣ್ಣ ತೂತಿನಂತೆ ಕಂಡರೂ ಒಳಗೆ ಆಳವಾಗಿರುತ್ತದೆ. ಮೇಲೆ ಮಾಯ್ದು ಒಳಗೆ ಕೀವು ತುಂಬುತ್ತದೆ. ಆದ್ದರಿಂದ ‘ಸಣ್ಣ ಗಾಯ’ ಎಂದು ಬಿಡಬಾರದು.

1. ನೋವಿನಲ್ಲಿರುವ ನಾಯಿ ಒಡೆಯನನ್ನೂ ಕಚ್ಚುತ್ತದೆ. ಬಟ್ಟೆಯ ಪಟ್ಟಿಯಿಂದ ಮೂತಿಯನ್ನು ಮೃದುವಾಗಿ ಕಟ್ಟಿರಿ. ಗಂಟಲಿಗೆ ಗಾಯವಾಗಿ ಉಸಿರಾಟಕ್ಕೆ ಕಷ್ಟವಿದ್ದರೆ ಕಟ್ಟಬಾರದು. ಕೈಗೆ ರಬ್ಬರು ಗವಸು ಅಥವಾ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಿರಿ.

2. ರಕ್ತ ಸುರಿಯುತ್ತಿದ್ದರೆ ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿರಿ.

3. ರಕ್ತ ನಿಂತ ಮೇಲೆ ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಸುಣ್ಣ, ಸೀಮೆಎಣ್ಣೆ, ಮೆಣಸಿನ ಪುಡಿ, ಬೂದಿ ತುಂಬಬಾರದು.

4. ಆ ದಿನವೇ ಪಶುವೈದ್ಯರಿಗೆ ತೋರಿಸಿರಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆಮಾಡಬಹುದು. ಕಾಡುಪ್ರಾಣಿಯ ಕಡಿತದಿಂದ ಹುಚ್ಚುರೋಗ ಬರುವ ಸಂಭವವಿದೆ. ಮೊದಲು ಲಸಿಕೆಯಾಗಿದ್ದರೂ ಕಡಿತದ ನಂತರದ ಲಸಿಕೆಯನ್ನು ವೈದ್ಯರು ಹೇಳಿದ ದಿನಗಳಂದು ತಪ್ಪದೆ ಹಾಕಿಸಿರಿ.

5. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕುಳಿತು ಹುಳುವಾಗುತ್ತದೆ. ದಿನಕ್ಕೆ ಎರಡು ಸಲ ನೋಡಿರಿ.

6. ಮುಳ್ಳುಹಂದಿಯ ಮುಳ್ಳನ್ನು ಮುರಿಯಬಾರದು, ಕತ್ತರಿಸಬಾರದು. ಆಳವಾಗಿ ನಾಟಿದ್ದರೆ ವೈದ್ಯರಿಂದಲೇ ತೆಗೆಸಿರಿ.

ಮನುಷ್ಯರಿಗೆ ಕಡಿತ ಅಥವಾ ಪರಚು ಗಾಯವಾದರೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಬೇಕು. ಹುಚ್ಚುರೋಗ ಕಾಣಿಸಿಕೊಂಡ ಮೇಲೆ ಗುಣಪಡಿಸುವ ಔಷಧಿ ಇಲ್ಲ.

ಲಸಿಕೆ ಮತ್ತು ಉಣುಗು

ಮರಿಗೆ ಆರರಿಂದ ಎಂಟನೆಯ ವಾರದಲ್ಲಿ ಡಿಸ್ಟೆಂಪರ್, ಪಾರ್ವೊ ಮೊದಲಾದ ರೋಗಗಳ ಲಸಿಕೆ ಆರಂಭಿಸಿ, ವೈದ್ಯರು ಹೇಳಿದಂತೆ ಮರುಲಸಿಕೆ ಕೊಡಿಸಬೇಕು. ಮೂರು ತಿಂಗಳಿಗೆ ಹುಚ್ಚುರೋಗದ ಲಸಿಕೆ, ನಂತರ ವರ್ಷಕ್ಕೊಮ್ಮೆ. ಗದ್ದೆಯ ನೀರಿನಲ್ಲಿ ಓಡಾಡುವ ನಾಯಿಗೆ ಇಲಿಜ್ವರದ ಲಸಿಕೆಯೂ ಅವಶ್ಯ. ಈ ಲಸಿಕೆಗಳಿಂದ ಕಾಡಿಗೂ ಉಪಕಾರವಿದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಡಿಸ್ಟೆಂಪರ್ ವೈರಾಣು ಪತ್ತೆಯಾಯಿತು. ನಾಯಿಗಳಲ್ಲಿ ಸಾಮಾನ್ಯವಾಗಿ ಕಾಣುವ ರೋಗ ಅದು.

ನಮ್ಮ ಜಿಲ್ಲೆಗೆ ಇನ್ನೊಂದು ಎಚ್ಚರಿಕೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲಿಯೂ ಇದೆ. ಅದನ್ನು ಹರಡುವುದು ಕಾಡಿನ ಉಣುಗು. ಬೆಟ್ಟಕ್ಕೆ ಹೋಗಿ ಬಂದ ನಾಯಿಯ ಮೈಮೇಲೆ ಉಣುಗು ಮನೆಗೆ ಬರಬಹುದು. ಡಿಸೆಂಬರದಿಂದ ಮೇ ತಿಂಗಳವರೆಗೆ ನಾಯಿಯ ಕಿವಿ, ಬೆರಳಿನ ಸಂದು, ಕುತ್ತಿಗೆಗಳನ್ನು ದಿನಾಲೂ ಪರೀಕ್ಷಿಸಿರಿ. ಉಣುಗನ್ನು ಚಿಮುಟದಿಂದ ತೆಗೆಯಿರಿ, ಬೆರಳಿನಿಂದ ಹಿಚುಕಬೇಡಿರಿ. ದನಗಳಿಗೆ ಹಚ್ಚುವ ಔಷಧಿಯನ್ನು ಅಳತೆ ತಿಳಿಯದೆ ನಾಯಿಗೆ ಹಚ್ಚಬಾರದು. ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ನಾಯಿಯನ್ನು ಹತ್ತಿರ ಬಿಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಚಿರತೆ ಅಂಗಳಕ್ಕೆ ಬಂದಾಗ

ನಾಯಿಯ ಕೂಗು ಕೇಳಿ ಕತ್ತಿ ಹಿಡಿದು ಕತ್ತಲಿಗೆ ಓಡುವುದು ಧೈರ್ಯವಲ್ಲ. ಬಾಗಿಲ ಒಳಗಿನಿಂದಲೇ ದೀಪ ಹಾಕಿರಿ, ಎಲ್ಲರೂ ಕೂಡಿ ಕೂಗಿರಿ, ತಗಡು ಬಡಿಯಿರಿ. ಚಿರತೆಗೆ ಓಡಿಹೋಗಲು ದಾರಿ ಬಿಟ್ಟಿರಬೇಕು. ಸುತ್ತುಗಟ್ಟಿದ ಚಿರತೆ ಮಾತ್ರ ಮನುಷ್ಯನ ಮೇಲೆ ಬೀಳುವ ಸಂಭವ ಹೆಚ್ಚು. ಕೊಟ್ಟಿಗೆಯಲ್ಲೋ ಬಾವಿಯಲ್ಲೋ ಸಿಕ್ಕಿಕೊಂಡಿದ್ದರೆ ಜನ ಸೇರದಂತೆ ನೋಡಿಕೊಂಡು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಕಚೇರಿಗೆ ತಿಳಿಸಿರಿ.

‘ಬೋನಿಟ್ಟು ಹಿಡಿದು ದೂರ ಬಿಟ್ಟರೆ ಪೀಡೆ ಕಳೆಯಿತಲ್ಲ’ ಎಂಬುದು ಸಾಮಾನ್ಯ ಬೇಡಿಕೆ. ಇದರ ಫಲವನ್ನು ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಕಂಡಿದ್ದಾರೆ. ಅಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಡಲಾಯಿತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿ ಆ ಬಳಿಕ 17ಕ್ಕೆ ಏರಿತು. ನೆಲೆ ತಪ್ಪಿದ ಚಿರತೆ ಗೊತ್ತಿಲ್ಲದ ಊರಿನಲ್ಲಿ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬರುತ್ತದೆ. ಅಂಗಳದಲ್ಲಿ ನಾಯಿ ಕಟ್ಟಿದ್ದರೆ ಆ ಹೊಸ ಚಿರತೆಗೂ ಅದೇ ಊಟ. ಆದ್ದರಿಂದ ಬೋನು ಬೇಕಾದದ್ದು ಚಿರತೆಗಿಂತ ಮೊದಲು ನಾಯಿಗೆ.

ಸಿಟ್ಟಿನಿಂದ ವಿಷವಿಡುವವರು ಕಾಯಿದೆಯನ್ನು ನೆನಪಿಡಬೇಕು. ಚಿರತೆ ಮೊದಲನೆಯ ಅನುಸೂಚಿಯ ಪ್ರಾಣಿ. 2022ರಲ್ಲಿ ತಿದ್ದುಪಡಿಯಾದ ಕಾಯಿದೆಯಂತೆ ಅದನ್ನು ಕೊಂದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಇದೆ. ದನಕರು ಸತ್ತರೆ ಹೆಣವನ್ನು ಕದಲಿಸದೆ ಅರಣ್ಯ ಇಲಾಖೆಗೆ ತಿಳಿಸಿ ಪರಿಹಾರಕ್ಕೆ ಅರ್ಜಿ ಕೊಡಬೇಕು. ನಾಯಿಯ ವಿಷಯದಲ್ಲಿ ಪರಿಹಾರವನ್ನು ನಂಬಿ ಕೂಡುವಂತಿಲ್ಲ. ಆದರೂ ನಾಯಿ ಹೋದ ಸುದ್ದಿಯನ್ನು ಇಲಾಖೆಗೆ ತಿಳಿಸಿರಿ. ಚಿರತೆಯ ಸಂಚಾರ ಗೊತ್ತಾದರೆ ನೆರೆಹೊರೆಯವರು ಎಚ್ಚರವಾಗುತ್ತಾರೆ.

ನಾಯಿ ಹೋದ ಮರುದಿನ

ಚಿರತೆ ಪುನಃ ಬರುವ ಸಂಭವ ಮುಂದಿನ ಕೆಲವು ರಾತ್ರಿಗಳಲ್ಲಿಯೇ ಹೆಚ್ಚು. ಆ ದಿನವೇ ಆಡು, ಕೋಳಿ, ಕರುಗಳನ್ನು ಬಾಗಿಲಿರುವ ಕೊಟ್ಟಿಗೆಗೆ ಸೇರಿಸಿರಿ. ಕೊಟ್ಟಿಗೆಯ ಕಿಟಕಿಗೆ ಜಾಲರಿ ಹಾಕಿರಿ. ಅಂಗಳದ ಅಂಚಿನ ಪೊದೆ ಸವರಿರಿ. ಮಕ್ಕಳನ್ನು ಕತ್ತಲಾದ ಮೇಲೆ ಒಂಟಿಯಾಗಿ ಬಚ್ಚಲಿಗೆ, ಕೊಟ್ಟಿಗೆಗೆ ಕಳಿಸಬೇಡಿರಿ. ಹೊಸ ಮರಿ ತರುವುದು ಗೂಡು ಸಿದ್ಧವಾದ ಮೇಲೆಯೇ.

ನೆನಪಿಡಬೇಕಾದ ಅಂಶಗಳು

1. ರಾತ್ರಿ ನಾಯಿಯನ್ನು ಕಟ್ಟಬೇಡಿರಿ, ಬಿಡಬೇಡಿರಿ, ಗೂಡಿನಲ್ಲಿಡಿರಿ.
2. ಗೂಡಿನ ಚಾವಣಿಗೂ ಜಾಲರಿ ಬೇಕು. ಬಾಗಿಲಿಗೆ ಎರಡು ಅಗುಳಿ ಬೇಕು.
3. ಕರೆದರೆ ಬರುವ ನಾಯಿ ಬದುಕುತ್ತದೆ, ಅಟ್ಟಿಕೊಂಡು ಹೋಗುವ ನಾಯಿ ಸಾಯುತ್ತದೆ.
4. ಉರುಳು, ಸಿಡಿಮದ್ದು, ವಿಷ ಇವುಗಳಿಂದ ಮೊದಲ ಹಾನಿ ನಮ್ಮ ಪ್ರಾಣಿಗಳಿಗೇ.
5. ವರ್ಷಕ್ಕೊಮ್ಮೆ ಲಸಿಕೆ, ಬೇಸಿಗೆಯಲ್ಲಿ ದಿನಾಲೂ ಉಣುಗಿನ ತಪಾಸಣೆ.
6. ಗಾಯ ಸಣ್ಣದಾದರೂ ಪಶುವೈದ್ಯರಿಗೆ ತೋರಿಸಿರಿ.

ಚಿರೇಕಲ್ಲು, ಒಂದಿಷ್ಟು ಜಾಲರಿ, ಎರಡು ದಿನದ ಕೆಲಸ ಇಷ್ಟರಲ್ಲಿ ಗೂಡು ಮುಗಿಯುತ್ತದೆ. ಮಳೆ ಹಿಡಿಯುವ ಮೊದಲು, ಅಂಗಳದ ಕೆಲಸ ಮಾಡಿಸುವಾಗಲೇ, ಇದನ್ನೂ ಮಾಡಿಸಿಬಿಡುವುದು ಒಳ್ಳೆಯದು.